ಕಾಕಾನ ಚೀಟಿಯಲ್ಲಿ ಇಲ್ಲದ ಸಾಲು

ನಮ್ಮ ಸಿಂಧನೂರು ಕಡೆ ಕಣ್ಣಿನ ಶಿಬಿರ ಅಂದರೆ ಮೋತಿಬಿಂದು (ಕಣ್ಣಿನ ಪೊರೆ), ಇಲ್ಲವೇ ಕನ್ನಡಕ. ಅದು ಸಣ್ಣ ಕೆಲಸ ಅಂತ ನಾನು ಹೇಳುತ್ತಿಲ್ಲ. ಆದರೆ ಮೋತಿಬಿಂದು ತಡವಾಗಿ ತೆಗೆಸಿದರೂ ಬಹುತೇಕ ಮಂದಿಗೆ ನೋಟ ಮರಳುತ್ತದೆ. ಗ್ಲಾಕೋಮಾದಲ್ಲಿ ಹೋದ ನೋಟ ಹೋದಂತೆಯೇ. ಕಣ್ಣಿನಿಂದ ಮಿದುಳಿಗೆ ಹೋಗುವ ನರವನ್ನು ಕೆಡಿಸುತ್ತಾ, ಹೆಚ್ಚಾಗಿ ನೋವಿಲ್ಲದೆ, ಬದಿಯ ನೋಟವನ್ನು ಮೊದಲು ತಿನ್ನುತ್ತಾ ಬರುವ ಕಾಯಿಲೆ ಅದು. ನಡುವಿನ ನೋಟ ಗಟ್ಟಿಯಾಗಿರುವುದರಿಂದ ಗೋಡೆಯ ಚಾರ್ಟಿನ ಕೊನೆಯ ಸಾಲನ್ನೂ ಓದಿ ಮನೆಗೆ ಹೋಗಬಹುದು. ಚೆನ್ನೈ, ಮದುರೈ, ಹೈದರಾಬಾದ್ ಕಡೆ ನಡೆದ ದೊಡ್ಡ ಸಮೀಕ್ಷೆಗಳಲ್ಲಿ ಈ ಕಾಯಿಲೆ ಸಿಕ್ಕವರ ಪೈಕಿ ಹತ್ತರಲ್ಲಿ ಒಂಬತ್ತು ಮಂದಿಗೆ ತಮಗೆ ಅದು ಇದೆ ಎಂಬುದೇ ಗೊತ್ತಿರಲಿಲ್ಲ.

ನಾನೀಗ ಇರುವ ಸ್ಕಾಟ್ಲೆಂಡಿನಲ್ಲಿ 2006ರಿಂದ ಕಣ್ಣಿನ ತಪಾಸಣೆ ಎಲ್ಲರಿಗೂ ಉಚಿತ. ಅದಕ್ಕೆ ಆಸ್ಪತ್ರೆಗೆ ಹೋಗಬೇಕಿಲ್ಲ, ಪೇಟೆಬೀದಿಯ ಕನ್ನಡಕದಂಗಡಿಯಲ್ಲೇ ಕಣ್ಣಿನ ಒತ್ತಡ ಅಳೆಯುತ್ತಾರೆ, ನರದ ಬುಡ ನೋಡುತ್ತಾರೆ. ಅರವತ್ತು ದಾಟಿದವರಿಗೆ ಅದರ ಫೋಟೋ ಕೂಡ ತೆಗೆಯುತ್ತಾರೆ. ಇಲ್ಲಿ ಎಲ್ಲವೂ ಸರಿ ಇದೆ ಅಂತಲ್ಲ. ಮುಂದೆ ದೊಡ್ಡಾಸ್ಪತ್ರೆಗೆ ಕಳಿಸಿದರೆ ತಿಂಗಳುಗಟ್ಟಲೆ ಕಾಯಬೇಕು, ರಾಯಚೂರಲ್ಲಿ ದುಡ್ಡಿದ್ದವನಿಗೆ ಅದೇ ದಿನ ಸ್ಕ್ಯಾನ್ ಆಗುತ್ತದೆ.

ಊರಲ್ಲಿ ನಮ್ಮ ಕಾಕಾನನ್ನು ಮೊದಲು ಕೂರಿಸಿದ್ದು ಬದಿಯ ನೋಟ ಅಳೆಯುವ, ಗುಂಡಿ ಒತ್ತುವ ಮಷಿನ್ ಮುಂದೆ. ಒಂದು ಕಣ್ಣು ಮುಚ್ಚಿ, ಗದ್ದ ಊರಿ, ನಡುವಿನ ದೀಪವನ್ನೇ ದಿಟ್ಟಿಸುತ್ತಾ, ಬದಿಯಲ್ಲಿ ಮಂಕು ಬೆಳಕು ಮಿನುಗಿದಾಗಲೆಲ್ಲ ಗುಂಡಿ ಒತ್ತಬೇಕು. ಜೀವಮಾನವೆಲ್ಲ ಭತ್ತದ ಗದ್ದೆಯಲ್ಲಿ ಕಳೆದವನು ಹೊರಗೆ ಬಂದು ಹೇಳಿದ್ದು: "ಆ ಹುಡುಗಿ ಬ್ಯಾಸರ ಮಾಡ್ಕೋಬಾರ್ದಂತ ಕಾಣದಿದ್ರೂ ಒತ್ತೀನಿ ನೋಡಪಾ." ಫಲಿತಾಂಶ ಏನು ಬಂದಿರಬೇಡ! ಈ ಪರೀಕ್ಷೆ ರೋಗಿಯ ಉತ್ತರದ ಮೇಲೇ ನಿಂತಿದೆ. ಆಯಾಸ, ಗಾಬರಿ, ಸಂಕೋಚ ಎಲ್ಲವೂ ಅದರೊಳಗೆ ಸೇರುತ್ತವೆ. ಸರಿಯಾಗಿ ಮಾಡಿದರೂ ಅದರಲ್ಲಿ ದೋಷ ಕಾಣಿಸಿಕೊಳ್ಳುವ ಹೊತ್ತಿಗೆ ಕಣ್ಣಿನ ಆ ನರದ ಕೋಶಗಳಲ್ಲಿ ಕಾಲು ಭಾಗಕ್ಕೂ ಹೆಚ್ಚು ಸತ್ತಿರಬಹುದು.

ಹಾಗಾಗಿ ಶುರುವಿನಲ್ಲಿ ರೋಗಿಯನ್ನು ಏನೂ ಕೇಳದ ಪರೀಕ್ಷೆಗಳೇ ನಮ್ಮವರಿಗೆ ಒಗ್ಗುತ್ತವೆ ಎಂಬುದು ನನ್ನ ಅನಿಸಿಕೆ. 1991ರಲ್ಲಿ ಅಮೆರಿಕದಲ್ಲಿ ರೂಪುಗೊಂಡ, ಬೆಳಕಿನಿಂದ ಕಣ್ಣಿನೊಳಗಿನ ಪದರಗಳ ಚಿತ್ರ ತೆಗೆಯುವ ಓಸಿಟಿ ಸ್ಕ್ಯಾನ್ ನರದ ಎಳೆಗಳ ಪದರವನ್ನು ಮೈಕ್ರಾನ್ ಲೆಕ್ಕದಲ್ಲಿ ಅಳೆಯುತ್ತದೆ. ಆರೋಗ್ಯವಂತರಲ್ಲಿ ಅದರ ದಪ್ಪ ಸರಾಸರಿ ನೂರರ ಆಸುಪಾಸು. ಕಣ್ಣುಪಾಪೆ ಬೆಳಕಿಗೆ ಕುಗ್ಗುವುದನ್ನೇ ಅಳೆದು ನೋಟದ ಹರವು ಹೇಳುವ ವಿಧಾನಗಳೂ ಇವೆ, ಅವು ಇನ್ನೂ ಹೆಚ್ಚಾಗಿ ಸಂಶೋಧಕರ ಕೈಯಲ್ಲೇ ಇವೆ. ಹಾಗಂತ ಮಷಿನ್ ದೇವರಲ್ಲ. ಕಣ್ಣಿನ ಒತ್ತಡ ಮಾಮೂಲಿ ಮಿತಿಯಾದ 21ರ ಒಳಗಿದ್ದೂ ಗ್ಲಾಕೋಮಾ ಇರುವವರು ಬೇಕಾದಷ್ಟು ಮಂದಿ. ದಪ್ಪ ಮೈನಸ್ ಕನ್ನಡಕದವರಿಗೆ ಓಸಿಟಿ ಸುಮ್ಮಸುಮ್ಮನೆ ಕೆಂಪು, ಅಂದರೆ ದೋಷವಿದೆ ಎಂದು, ತೋರಿಸುವುದೂ ಉಂಟು. ಕಾಯಿಲೆ ಬಲಿತ ಮೇಲೆ ಆ ಪದರ ಇನ್ನು ತೆಳುವಾಗಲು ಉಳಿದಿರುವುದಿಲ್ಲ, ಆಗ ಮತ್ತೆ ಗುಂಡಿಯ ಮಷಿನ್ನೇ ಗತಿ.

ತಾಲ್ಲೂಕಿಗೊಂದು ಓಸಿಟಿ ಕೊಡಿ ಎಂದು ನಾನು ಕೇಳುವುದಿಲ್ಲ. ಒತ್ತಡ ಅಳೆಯುವ ಉಪಕರಣ, ಪಾಪೆ ಹಿಗ್ಗಿಸುವ ಹನಿ, ನರ ನೋಡಬಲ್ಲ ಒಬ್ಬ ಡಾಕ್ಟರು, ಇಷ್ಟರಿಂದಲೇ ಅನುಮಾನದ ಕಣ್ಣುಗಳು ಬಹಳಷ್ಟು ಸಿಗುತ್ತವೆ. ಮೆಡಿಕಲ್ ಶಾಪಿನಿಂದ ಚೀಟಿ ಇಲ್ಲದೆ ತಂದು ತಿಂಗಳುಗಟ್ಟಲೆ ಹಾಕಿಕೊಳ್ಳುವ ಸ್ಟೆರಾಯ್ಡ್ ಡ್ರಾಪ್ಸ್ ಕೂಡ ಒತ್ತಡ ಏರಿಸುತ್ತದೆ, ಅದನ್ನೂ ಅಲ್ಲೇ ಕೇಳಬಹುದು.

ಮೊದಲು ಯಾರನ್ನು ಕರೆಯಬೇಕು ಅನ್ನುವುದರಲ್ಲಿ ಇಲ್ಲಿನವರಿಂದ ಕಲಿಯುವುದಿದೆ. ಪಕ್ಕದ ಇಂಗ್ಲೆಂಡಿನಲ್ಲಿ ಎಲ್ಲರಿಗೂ ತಪಾಸಣೆ ಉಚಿತವಲ್ಲ. ಆದರೆ ತಂದೆತಾಯಿಗೋ ಒಡಹುಟ್ಟಿದವರಿಗೋ ಮಕ್ಕಳಿಗೋ ಗ್ಲಾಕೋಮಾ ಇದ್ದರೆ, ನಲವತ್ತು ತುಂಬಿದವರಿಗೆ ಉಚಿತ. ರಕ್ತಸಂಬಂಧಿಗಳಲ್ಲಿ ಅಪಾಯ ಹಲವು ಪಟ್ಟು ಹೆಚ್ಚು. ನಮ್ಮ ಆಶಾ ಕಾರ್ಯಕರ್ತೆಯರು ಹೇಗೂ ಮನೆಮನೆಗೆ ಹೋಗುತ್ತಾರೆ, "ಮನ್ಯಾಗ ಯಾರಿಗರ ಜೀವನಪೂರ್ತಿ ಕಣ್ಣಿಗೆ ಡ್ರಾಪ್ಸ್ ಹಾಕ್ಕೋರಿ ಅಂದಾರೇನ್ರಿ?" ಎಂದು ಕೇಳಲು ಎಷ್ಟು ಹೊತ್ತು ಬೇಕು? ಕಾಕಾನ ಚೀಟಿಯಲ್ಲಿ ಗ್ಲಾಕೋಮಾಕ್ಕೆ ಎರಡು ಡ್ರಾಪ್ಸಿನ ಹೆಸರಿತ್ತು, ಮಕ್ಕಳನ್ನು ಕರೆದುಕೊಂಡು ಬನ್ನಿ ಎಂಬ ಸಾಲು ಇರಲಿಲ್ಲ. ಆ ಸಾಲನ್ನು ನಾನು ಫೋನಿನಲ್ಲಿ ಹೇಳುತ್ತಲೇ ಇದ್ದೇನೆ. ದೊಡ್ಡವನು, "ನನಗ ಚೊಲೋ ಕಾಣ್ತೈತಿ ಬಿಡಣ್ಣ" ಅನ್ನುತ್ತಾನೆ. ಚಿಕ್ಕವನು ಭತ್ತದ ಕಟಾವು ಮುಗಿದ ಮೇಲೆ ರಾಯಚೂರಿಗೆ ಹೋಗುತ್ತೇನೆ ಅಂದಿದ್ದಾನೆ.