ಚಂದ್ರನಿಗೆ ಬಹುಮತ ಬಂದಿಲ್ಲ

ಅಣು, ಎಲೆಕ್ಟ್ರಾನ್‌ಗಳ ನಡವಳಿಕೆ ಹೇಳುವ ಕ್ವಾಂಟಂ ಮೆಕ್ಯಾನಿಕ್ಸ್‌ಗೆ 2025ರಲ್ಲಿ ನೂರು ತುಂಬಿತು. ಅದರ ಲೆಕ್ಕ ಸರಿ, ಅರ್ಥ ಏನು ಅನ್ನುವುದರಲ್ಲೇ ಜಗಳ. ನೂರಾಯಿತಲ್ಲ, ಈಗಲಾದರೂ ನಿಜ ಏನು ಅಂತ ತೀರ್ಮಾನ ಆಗಲಿ ಎಂದು ‘ನೇಚರ್’ ಪತ್ರಿಕೆ ಭೌತವಿಜ್ಞಾನಿಗಳಿಗೆ ಮತಪತ್ರ ಹಂಚಿತು. ಹೋಗಿದ್ದು 15,000ಕ್ಕೂ ಹೆಚ್ಚು ಜನರಿಗೆ, ಉತ್ತರಿಸಿದ್ದು ಸುಮಾರು 1,100 ಮಂದಿ. ಬೆಂಗಳೂರಿನ ಮತದಾನವೇ ವಾಸಿ.

ಕೋಪನ್‌ಹೇಗನ್ ಪಕ್ಷಕ್ಕೆ ಶೇ. 36. ದೊಡ್ಡ ಪಕ್ಷ ಹೌದು, ಬಹುಮತ ಇಲ್ಲ. ಪ್ರಣಾಳಿಕೆ ಒಂದೇ ಸಾಲು: ಅಳೆಯುವ ಮುಂಚೆ ಎಲೆಕ್ಟ್ರಾನ್ ಎಲ್ಲಿತ್ತು ಅಂತ ಕೇಳಬೇಡಿ. ಬಿಲ್ ಪಾಸಾಗುವ ಮುಂಚೆ ರಸ್ತೆ ಎಲ್ಲಿತ್ತು ಅಂತ ಕೇಳಬೇಡಿ ಅನ್ನುವವರು ನಮ್ಮಲ್ಲೂ ಇದ್ದಾರೆ. ಪಾಪ, ಅವರಿಗೆ ನೊಬೆಲ್ ಬಂದಿಲ್ಲ, ಅಷ್ಟೇ.

ಅಳೆದಾಗ ಆಗಬಹುದಾದ್ದೆಲ್ಲ ಒಂದೊಂದು ಲೋಕದಲ್ಲಿ ಆಗುತ್ತದೆ ಅನ್ನುವ ಬಹುಲೋಕದವರಿಗೆ ಶೇ. 15. ಅವರಿಗೇನೂ ಬೇಜಾರಿಲ್ಲ, ಇನ್ನೊಂದು ಲೋಕದಲ್ಲಿ ಅವರದೇ ಸರ್ಕಾರ.

ಪಾಪ ಅನ್ನಿಸುವುದು ಭೌತವಿಜ್ಞಾನಿ ಡೇವಿಡ್ ಬೋಮ್ ಅವರ ಪಕ್ಷ. ನೋಡಿದರೂ ನೋಡದಿದ್ದರೂ ಕಣ ಒಂದು ಜಾಗದಲ್ಲಿ ಇದ್ದೇ ಇರುತ್ತದೆ ಅನ್ನುವುದು ಅವರ ವಾದ. 2011ರಲ್ಲಿ ಆಸ್ಟ್ರಿಯಾದ ಒಂದು ಸಮ್ಮೇಳನದಲ್ಲಿ 33 ಜನರ ಮುಂದೆ ಇಂಥದೇ ಮತಪತ್ರ ಇಟ್ಟಾಗ ಅವರಿಗೆ ಬಿದ್ದ ಮತ ಸೊನ್ನೆ. ಎಷ್ಟು ನೋಡಿದರೂ ಪಕ್ಷವೇ ಕಾಣಲಿಲ್ಲ.

ಇನ್ನು ಚಿಹ್ನೆಯ ಕಥೆ. ಡಬ್ಬಿಯೊಳಗಿನ ಬೆಕ್ಕು ಸತ್ತೂ ಬದುಕಿಯೂ ಇರುತ್ತದೆಯಾ ಅಂತ ಭೌತವಿಜ್ಞಾನಿ ಶ್ರೋಡಿಂಗರ್ 1935ರಲ್ಲಿ ಕೇಳಿದ್ದು ಕೋಪನ್‌ಹೇಗನ್‌ನವರ ಅಣಕಕ್ಕೆ. ಈಗ ಅದೇ ಬೆಕ್ಕು ಎದುರು ಪಕ್ಷದವರ ಟೀ ಶರ್ಟ್ ಮೇಲೆ ಕೂತಿದೆ. ನಾನು ನೋಡಿದಾಗ ಮಾತ್ರ ಚಂದ್ರ ಇರುತ್ತಾನಾ ಅಂತ ಐನ್‌ಸ್ಟೈನ್ ವಾಕಿಂಗ್ ನಡುವೆ ನಿಂತು ಗೆಳೆಯನನ್ನು ಕೇಳಿದ್ದರು. ಆ ಪ್ರಶ್ನೆಯೂ ಈಗ ಪೋಸ್ಟರ್ ಆಗಿದೆ.

2022ರಲ್ಲಿ ಆಸ್ಪೆ, ಕ್ಲೌಸರ್, ಜೈಲಿಂಗರ್ ಅವರಿಗೆ ನೊಬೆಲ್ ಬಂದಾಗ ಸುದ್ದಿಯವರು ಇನ್ನೂ ಮುಂದೆ ಹೋದರು. ಭೌತವಿಜ್ಞಾನಿ ಜಾನ್ ಬೆಲ್ 1964ರಲ್ಲಿ ಹಾಕಿದ ಲೆಕ್ಕವನ್ನು ಇವರು ಪ್ರಯೋಗದಲ್ಲಿ ಪರೀಕ್ಷಿಸಿದ್ದರು. ಪ್ರಯೋಗ ಹೇಳಿದ್ದು ಇಷ್ಟು: ಕಣದ ಗುಣಗಳು ಅಳೆಯುವ ಮೊದಲೇ ನಿಗದಿಯಾಗಿರುತ್ತವೆ, ಜೊತೆಗೆ ದೂರದಲ್ಲಿ ಮಾಡಿದ ಅಳತೆ ಇಲ್ಲಿ ಏನನ್ನೂ ತಟ್ಟನೆ ಬದಲಿಸುವುದಿಲ್ಲ ಅಂತ ಎರಡನ್ನೂ ಒಟ್ಟಿಗೆ ಹಿಡಿದು ಕೂರುವುದು ಕಷ್ಟ. ಎರಡನೆಯದನ್ನು ಬಿಟ್ಟು ಮೊದಲನೆಯದನ್ನು ಉಳಿಸಿಕೊಳ್ಳಬಹುದು, ಬೋಮ್ ಮಾಡಿದ್ದೂ ಹೆಚ್ಚುಕಮ್ಮಿ ಅದೇ. ಇಷ್ಟುದ್ದದ್ದು ಹೆಡ್‌ಲೈನ್‌ನಲ್ಲಿ ಹಿಡಿಸುತ್ತದಾ? ಕತ್ತರಿ ಆಡಿತು. ಉಳಿದದ್ದು: ‘ಜಗತ್ತು ನಿಜವಲ್ಲ, ನೊಬೆಲ್ ಸಾಬೀತು.’

ಹಾಗೆ ಬರೆದವರು ತಿಂಗಳ ಕೊನೆಗೆ ಸಂಬಳ ಬಂತಾ ಅಂತ ಫೋನ್ ತೆಗೆದು ನೋಡುತ್ತಾರೆ. ನೋಡುವ ಮುಂಚೆಯೇ ಬಂದು ಕೂತಿರಬೇಕು, ಅದೂ ಪೂರ್ತಿ.