ಬಿಳಿ ಅಂತ ಎಷ್ಟು ಮಂದಿಗೆ ಹೇಳಬೇಕ್ರಿ?

ಮೇ ತಿಂಗಳು, ಕಲಬುರಗಿ, ಮಧ್ಯಾಹ್ನ ಎರಡು ಗಂಟೆ, ಕರೆಂಟ್ ಇಲ್ಲ. ಇಲ್ಲಿಯವರಿಗೆ ಇಷ್ಟು ಹೇಳಿದರೆ ಸಾಕು. ಬೆಂಗಳೂರಿನ ಗೆಳೆಯರಿಗೆ ಎಷ್ಟು ಹೇಳಿದರೂ ಅಷ್ಟೇ, ಬಿಡಿ.

ಇನ್ವರ್ಟರ್ ಅರ್ಧ ಗಂಟೆ ಎಳೆದು ಕೈಚೆಲ್ಲಿತು. ಲ್ಯಾಪ್‌ಟಾಪ್ ಎತ್ತಿಕೊಂಡು ಅಂಗಳದ ಬೇವಿನ ಗಿಡದ ಕೆಳಗೆ ಕಟ್ಟೆ ಮೇಲೆ ಕೂತೆ. ನೆರಳೇನೋ ಇತ್ತು, ಆದರೆ ಸುತ್ತಲಿನ ಬೆಳಕಿಗೆ ಕಪ್ಪು ಪರದೆಯಲ್ಲಿ ಕಂಡದ್ದು ನನ್ನ ಮುಖ ಮತ್ತು ಬೇವಿನ ಎಲೆ. ಸರಿ, ಟರ್ಮಿನಲ್ (ಆಜ್ಞೆ ಟೈಪ್ ಮಾಡಿ ಕೆಲಸ ಮಾಡಿಸುವ ಕಿಟಕಿ) ಹಿನ್ನೆಲೆ ಬಿಳಿ ಮಾಡಿದೆ. ಎರಡು ಕ್ಲಿಕ್, ಕೆಲಸ ಮುಗೀತು ಅಂದುಕೊಂಡೆ.

ಗಿಟ್ ಲಾಗ್ ನೋಡಿದೆ, ಅಂದರೆ ಕೋಡ್‌ನಲ್ಲಿ ಮಾಡಿದ ಬದಲಾವಣೆಗಳ ದಾಖಲೆ. ಗಿಟ್ ಕಮಿಟ್ ಸಂಖ್ಯೆ, ಅಂದರೆ ಪ್ರತಿ ಬದಲಾವಣೆಯ ಗುರುತು, ತೋರಿಸೋದು ಹಳದಿಯಲ್ಲಿ. ಬಿಳಿ ಮೇಲೆ ಹಳದಿ ಅಂದರೆ ಬರೆಯದೇ ಇದ್ದ ಹಾಗೆ. ಫೈಲನ್ನು ಬಣ್ಣ ಹಚ್ಚಿ ತೋರಿಸುವ ಬ್ಯಾಟ್ ಅನ್ನೋ ಪ್ರೋಗ್ರಾಮ್‌ನಲ್ಲಿ ಒಂದು ಫೈಲ್ ತೆಗೆದೆ. ನನ್ನ ಹತ್ತಿರ ಇರೋದು ಅದರ ಹಳೆಯ ಆವೃತ್ತಿ. ಪರದೆ ಕಪ್ಪು ಅಂತಲೇ ನಂಬಿಕೊಂಡು ಬಿಳಿ ಅಕ್ಷರಗಳನ್ನು ಬಿಳಿ ಮೇಲೆ ಚೆಲ್ಲಿತು. ಅಣ್ಣನ ಮಗ ಪಕ್ಕದಲ್ಲಿ ಬಂದು ಕೂತ. ಇಂಜಿನಿಯರಿಂಗ್ ಮೂರನೇ ವರ್ಷ. ಸ್ವಲ್ಪ ಹೊತ್ತು ಪರದೆ ನೋಡಿ, "ಕಾಕಾ, ಇದರಾಗ ಏನರ ಅದನೋ ಇಲ್ಲೋ?" ಅಂದ.

ಅದೇ ನನ್ನ ಪ್ರಶ್ನೆ. ನಾನು ಹೇಳಬೇಕಾದ ಮಾತು ಒಂದೇ ಒಂದು: ಈಗ ಹಿನ್ನೆಲೆ ಬಿಳಿ. ಟರ್ಮಿನಲ್ ಒಳಗೆ ಓಡುವ ಪ್ರೋಗ್ರಾಮ್‌ಗಳಲ್ಲಿ ಇದನ್ನು ಎಷ್ಟು ಮಂದಿಗೆ ಹೇಳಬೇಕು ನೋಡಿ. ವಿಮ್ ಅನ್ನೋ ಎಡಿಟರ್‌ಗೆ ಅದರದೇ ಭಾಷೆಯಲ್ಲಿ ಬ್ಯಾಕ್‌ಗ್ರೌಂಡ್ ಲೈಟ್ ಅಂತ ಬರೆಯಬೇಕು. ಬ್ಯಾಟ್‌ಗೆ ಬೇರೆ ಥೀಮ್ ಹೆಸರು ಕೊಡಬೇಕು. ಪಟ್ಟಿಯಲ್ಲಿ ಹುಡುಕಿಕೊಡುವ ಎಫ್‌ಜೆಡ್‌ಎಫ್‌ಗೆ ಒಂದು ಎನ್ವಿರಾನ್‌ಮೆಂಟ್ ವೇರಿಯೆಬಲ್ (ಪ್ರೋಗ್ರಾಮ್‌ಗಳು ಓದಿಕೊಳ್ಳುವ ಹೆಸರಿಟ್ಟ ಚೀಟಿ) ಒಳಗೆ ಆಯ್ಕೆಗಳ ಉದ್ದನೆಯ ಬಾಲ ಕಟ್ಟಬೇಕು. ಫೈಲ್‌ಗಳ ಪಟ್ಟಿ ಕೊಡುವ ಎಲ್‌ಎಸ್‌ಗೆ ಇನ್ನೊಂದು ವೇರಿಯೆಬಲ್, ಅದರಲ್ಲಿ ಸಂಖ್ಯೆ, ಕೋಲನ್, ಸಂಖ್ಯೆ, ಕೋಲನ್. ಓದಿದರೆ ಕರೆಂಟ್ ಬಿಲ್ ಓದಿದ ಹಾಗಿರುತ್ತದೆ. ಫೈಲ್ ಒಳಗೆ ಪದ ಹುಡುಕುವ ಗ್ರೆಪ್‌ಗೂ ಅಂಥದೇ ಒಂದು, ಕೋಡ್ ಕಂಪೈಲ್ ಮಾಡುವ ಜಿಸಿಸಿಗೂ ಒಂದು. ಯಾವ ಪ್ರೋಗ್ರಾಮ್ ಓಡುತ್ತಿದೆ ಅಂತ ತೋರಿಸುವ ಎಚ್‌ಟಾಪ್‌ನಲ್ಲಿ ಎಫ್ 2 ಒತ್ತಿ ಒಳಗೆ ಹೋಗಿ ಆರಿಸಬೇಕು. ಅದರ ಫೈಲನ್ನು ಅದೇ ತಿದ್ದಿ ಬರೆದುಕೊಳ್ಳುತ್ತದೆ, ನಾವು ಕೈ ಹಾಕಿದರೆ ಅದಕ್ಕೆ ಇಷ್ಟವಿಲ್ಲ. ಒಂದೇ ಟರ್ಮಿನಲ್‌ನಲ್ಲಿ ಹಲವು ಪರದೆ ತೆರೆಯುವ ಟಿಮಕ್ಸ್ ಮಹಾಶಯರದ್ದು ಇನ್ನೊಂದೇ ದರ್ಬಾರು.

ಮೂರು ವರ್ಷದ ಹಿಂದೆ ನನಗೆ ಶುಗರ್ ಬಂತಲ್ಲ, ನಿಮಗೆಲ್ಲ ಗೊತ್ತೇ ಇದೆ. ಯಾಕೆ ಗೊತ್ತು? ನಾನು ನಿಮಗೆ ಹೇಳಿದ್ನಾ? ಇಲ್ಲ. ಅವ್ವನಿಗೆ ಹೇಳಿದ್ದೆ, ಅಷ್ಟೇ. ಸಂಜೆಯೊಳಗೆ ಇಡೀ ಓಣಿಗೆ ಸುದ್ದಿ. ಮುಂದಿನ ವಾರ ಒಂದು ಮದುವೆಗೆ ಹೋದರೆ ಮಾಲ್ಪುರಿ ಬಡಿಸುವವನು ನನ್ನ ಎಲೆ ದಾಟಿ ಮುಂದೆ ಹೋದ. ಅವನ ಮುಖವನ್ನು ನಾನು ಅದೇ ಮೊದಲು ನೋಡಿದ್ದು! ಹೊಟ್ಟೆ ಉರಿಯಿತು ನಿಜ, ಆದರೆ ವ್ಯವಸ್ಥೆ ಅಂದರೆ ಅದು. ಒಂದು ಕಡೆ ಹೇಳು, ಎಲ್ಲರೂ ಅಲ್ಲಿ ಕೇಳಿಕೊಳ್ಳಲಿ. ಟರ್ಮಿನಲ್‌ನಲ್ಲಿ ಅಂಥ ಅವ್ವ ಇಲ್ಲ. ಪ್ರತಿ ಮನೆ ಬಾಗಿಲಿಗೂ ಹೋಗಿ "ನನಗೆ ಸಕ್ಕರೆ ಬೇಡ್ರಿ" ಅನ್ನಬೇಕು, ಅದೂ ಒಂದೊಂದು ಮನೆಯಲ್ಲಿ ಒಂದೊಂದು ಭಾಷೆಯಲ್ಲಿ.

ಹಾಗಂತ ಇದು ಆಗದ ಕೆಲಸವೂ ಅಲ್ಲ. ಎಡಿಟರ್ ಅನ್ನೋ ವೇರಿಯೆಬಲ್ ಇದೆ. ನನಗೆ ವಿಮ್ ಬೇಕು ಅಂತ ಅದರಲ್ಲಿ ಒಂದು ಸಲ ಬರೆದರೆ ಗಿಟ್ ಕೇಳುತ್ತದೆ, ಹೊತ್ತಿಗೆ ಸರಿಯಾಗಿ ಓಡಬೇಕಾದ ಕೆಲಸ ಬರೆದಿಡುವ ಕ್ರಾನ್‌ಟ್ಯಾಬ್ ಕೇಳುತ್ತದೆ, ಫೈಲ್ ಓದಲು ಬಳಸುವ ಲೆಸ್ ಕೂಡ ಕೇಳುತ್ತದೆ. ಇನ್‌ಪುಟ್‌ಆರ್‌ಸಿ ಅನ್ನೋ ಫೈಲ್ ಇನ್ನೂ ಚಂದ. ಯಾವ ಕೀ ಒತ್ತಿದರೆ ಏನಾಗಬೇಕು ಅಂತ ಅದರಲ್ಲಿ ಬರೆದರೆ ನಮ್ಮ ಆಜ್ಞೆ ಓದಿ ನಡೆಸುವ ಬ್ಯಾಶ್ ಪಾಲಿಸುತ್ತದೆ, ಕೋಡ್‌ನ ತಪ್ಪು ಹುಡುಕಲು ಬಳಸುವ ಜಿಡಿಬಿ ಪಾಲಿಸುತ್ತದೆ. ಟೈಪ್ ಮಾಡಿದ್ದನ್ನು ಓದಿಕೊಳ್ಳಲು ಅವೆಲ್ಲ ರೀಡ್‌ಲೈನ್ ಅನ್ನೋ ಒಂದೇ ಲೈಬ್ರರಿ (ಸಿದ್ಧ ಕೋಡ್) ಬಳಸುವುದರಿಂದ ಹಾಗೆ. ಕೀಲಿಗೆ ಆಗುವುದು ಬಣ್ಣಕ್ಕೆ ಯಾಕೆ ಆಗಲ್ಲ?

ಬಣ್ಣದ ವಿಷಯದಲ್ಲೂ ಒಂದು ಒಮ್ಮತ ಬಂದಿದೆ, ನಗಬೇಡಿ. 2017ರಲ್ಲಿ ನೋ ಕಲರ್ ಅಂತ ಒಂದು ಪದ್ಧತಿ ಶುರುವಾಯಿತು. ಆ ವೇರಿಯೆಬಲ್ ಇಟ್ಟರೆ ಪ್ರೋಗ್ರಾಮ್ ಬಣ್ಣವನ್ನೇ ಹಾಕಬಾರದು. ಬಹಳಷ್ಟು ಪ್ರೋಗ್ರಾಮ್‌ಗಳು ಒಪ್ಪಿಕೊಂಡಿವೆ. ಅಂದರೆ ಎಲ್ಲರೂ ಕೂಡಿ ಒಪ್ಪಿದ್ದು ಬಣ್ಣ ಬೇಡ ಅನ್ನೋದಕ್ಕೆ ಮಾತ್ರ. ಊಟಕ್ಕೆ ಏನು ಮಾಡೋಣ ಅಂತ ಜಗಳ ಆಡಿ ಕೊನೆಗೆ ಎಲ್ಲರೂ ಉಪವಾಸ ಮಲಗಿದ ಹಾಗೆ.

ಮೊದಲು 16 ಬಣ್ಣ ಇದ್ದ ಕಾಲವೇ ಚೆನ್ನಾಗಿತ್ತು ಅಂತ ನನಗೆ ಆಗಾಗ ಅನಿಸುತ್ತದೆ. ಪ್ರೋಗ್ರಾಮ್ "ಹಳದಿ" ಅಂತ ಹೆಸರು ಮಾತ್ರ ಹೇಳುತ್ತಿತ್ತು. ಆ ಹಳದಿ ಎಂಥ ಹಳದಿ ಅಂತ ತೀರ್ಮಾನ ಮಾಡೋದು ಟರ್ಮಿನಲ್. ಅಲ್ಲಿ ಒಂದು ಕಡೆ ಅದನ್ನು ಗಾಢ ಮಾಡಿದರೆ ಎಲ್ಲ ಕಡೆ ಗಾಢ. ಗಿಟ್ ಈಗಲೂ ಹಾಗೇ ಇದೆ, ಅದರ ಹಳದಿಯನ್ನು ನಾನು ಟರ್ಮಿನಲ್‌ನಲ್ಲೇ ಸರಿ ಮಾಡಿಕೊಂಡೆ. ಆಮೇಲೆ 24 ಬಿಟ್ ಬಂತು, 1 ಕೋಟಿ 67 ಲಕ್ಷ ಬಣ್ಣ. ಈಗ ಬೇಕಾದಷ್ಟು ಪ್ರೋಗ್ರಾಮ್‌ಗಳು ತಮಗೆ ಬೇಕಾದ ಬಣ್ಣವನ್ನು ತಾವೇ ಕಲಸಿ ತರುತ್ತವೆ. ಟರ್ಮಿನಲ್ ಮಾತು ಕೇಳೋರೇ ಇಲ್ಲ. ಹಿನ್ನೆಲೆ ಯಾವ ಬಣ್ಣ ಅಂತ ಟರ್ಮಿನಲ್‌ಗೇ ಕೇಳಿ ತಿಳಿದುಕೊಳ್ಳುವ ದಾರಿ ಕೂಡ ಇದೆ. ಕೇಳುವ ಸೌಜನ್ಯ ಎಷ್ಟು ಜನಕ್ಕಿದೆ ಹೇಳಿ.

ಈ ಫೈಲ್‌ಗಳೆಲ್ಲ ಎಲ್ಲಿರುತ್ತವೆ ಅನ್ನೋದು ಇನ್ನೊಂದು ತಲೆನೋವು. 2003ರಲ್ಲೇ ಎಕ್ಸ್‌ಡಿಜಿ ಅಂತ ಒಂದು ನಿಯಮ ಬಂತು: ಸೆಟ್ಟಿಂಗ್ ಎಲ್ಲ ಡಾಟ್ ಕಾನ್ಫಿಗ್ ಅನ್ನೋ ಒಂದೇ ಫೋಲ್ಡರ್‌ನಲ್ಲಿ ಇರಲಿ. ವಿಮ್ ಈ ಮಾತಿಗೆ ಕಿವಿ ಕೊಟ್ಟದ್ದು 2024ರಲ್ಲಿ. ಬ್ಯಾಶ್ ಇನ್ನೂ ತನ್ನ ಫೈಲನ್ನು ಹೋಮ್ ಡೈರೆಕ್ಟರಿಯಲ್ಲೇ, ಅಂದರೆ ನನ್ನ ಸ್ವಂತ ಫೋಲ್ಡರ್‌ನ ಅಂಗಳದಲ್ಲೇ ಇಡುತ್ತದೆ, ಬೇರೆ ಕಂಪ್ಯೂಟರ್‌ಗೆ ಸಂಪರ್ಕ ಕೊಡುವ ಎಸ್‌ಎಸ್‌ಎಚ್ ಕೂಡ. ಇಂಥ ಫೈಲ್‌ಗಳ ಹೆಸರು ಚುಕ್ಕೆಯಿಂದ ಶುರು, ಹಾಗಾಗಿ ಪಟ್ಟಿಯಲ್ಲಿ ಕಾಣಲ್ಲ. ಅಸಲಿಗೆ ಚುಕ್ಕೆಯಿಂದ ಶುರುವಾಗುವ ಫೈಲ್ ಅಡಗಿಕೊಳ್ಳೋದೇ ಒಂದು ಅಪಘಾತ. ಮೊದಲ ಕಾಲದ ಯೂನಿಕ್ಸ್ ಅನ್ನೋ ಆಪರೇಟಿಂಗ್ ಸಿಸ್ಟಂನಲ್ಲಿ ಒಂದು ಚುಕ್ಕೆ (ಈ ಫೋಲ್ಡರ್), ಎರಡು ಚುಕ್ಕೆಯ (ಇದರ ಮೇಲಿನ ಫೋಲ್ಡರ್) ಎರಡು ಹೆಸರುಗಳನ್ನು ಪಟ್ಟಿಯಿಂದ ಬಿಡಲು ಹೋಗಿ, ಸೋಮಾರಿತನಕ್ಕೆ ಮೊದಲ ಅಕ್ಷರ ಮಾತ್ರ ಪರೀಕ್ಷೆ ಮಾಡಿದರಂತೆ. ಯೂನಿಕ್ಸ್ ತಂಡದಲ್ಲಿದ್ದ ರಾಬ್ ಪೈಕ್ ಇದನ್ನು 2012ರಲ್ಲಿ ಬರೆದಿದ್ದರು. ಆ ಒಂದು ಸಾಲಿನ ಸೋಮಾರಿತನದ ಕಸ ಇವತ್ತಿಗೂ ನನ್ನ ಮನೆಯಲ್ಲಿದೆ.

ಈಗ ಒಬ್ಬರು ಬರುತ್ತಾರೆ, ನನಗೆ ಗೊತ್ತು. "ಸರ್, ವಿಂಡೋಸ್ ರಿಜಿಸ್ಟ್ರಿ ನೋಡಿ, ಎಲ್ಲ ಒಂದೇ ಕಡೆ ಇಟ್ಟು ಏನಾಯ್ತು? ಪ್ರತಿ ಪ್ರೋಗ್ರಾಮ್ ಸ್ವತಂತ್ರ ಇರೋದೇ ಯೂನಿಕ್ಸ್ ಸೊಗಸು." ಅಯ್ಯಾ, ನಾನು ಎಲ್ಲವನ್ನೂ ಒಂದೇ ಗೋಣಿಚೀಲಕ್ಕೆ ತುಂಬು ಅಂದೆನಾ? ವಿಮ್‌ನ ನೂರು ಸೆಟ್ಟಿಂಗ್ ವಿಮ್ ಹತ್ತಿರವೇ ಇರಲಿ. ಬಿಳಿಯೋ ಕಪ್ಪೋ, ಎಚ್ಚರಿಕೆಗೆ ಯಾವ ಬಣ್ಣ, ತಪ್ಪಿಗೆ ಯಾವ ಬಣ್ಣ, ಇಂಥ ನಾಲ್ಕು ಮಾತಿಗೆ ಒಂದು ಸಣ್ಣ ಫೈಲ್ ಸಾಕು. ಸೆಟ್ಟಿಂಗ್ ಫೈಲ್‌ಗಳನ್ನು ನಿಭಾಯಿಸುವ ಸ್ಟೋ, ಷೆಮ್ವಾ ಅನ್ನೋ ಪ್ರೋಗ್ರಾಮ್ ಬಳಸಿ ಅನ್ನೋರೂ ಇದ್ದಾರೆ. ಬಳಸ್ತೀನಿ ಮಾರಾಯರೆ. ಅವು ಮನೆ ಬದಲಾಯಿಸುವಾಗ ಸಾಮಾನು ಕಟ್ಟಲು ಒಳ್ಳೆಯ ಹಗ್ಗ. ಸಾಮಾನು ಅಷ್ಟೇ ಇರುತ್ತದೆ.

ಇಷ್ಟೆಲ್ಲ ಅಣ್ಣನ ಮಗನಿಗೆ ಭಾಷಣ ಮಾಡಿದೆ. ಅವನು ಸುಮ್ನೆ ಕೇಳಿಸಿಕೊಂಡು, ನನ್ನ ಹೋಮ್ ಡೈರೆಕ್ಟರಿಯ ಅಡಗಿದ ಫೈಲ್‌ಗಳ ಪಟ್ಟಿ ತೆಗೆದ. ಅರವತ್ತಕ್ಕೂ ಜಾಸ್ತಿ. ಒಂದರ ಮೇಲೆ ಬೆರಳಿಟ್ಟು "ಇದು ಯಾರದು ಕಾಕಾ?" ಅಂದ.

ನನ್ನದು. ಏಳು ವರ್ಷದ ಹಿಂದೆ ಆಫೀಸಿಗೆ ಅಂತ ಬರೆದ ಲಾಗ್ ನೋಡುವ ಪ್ರೋಗ್ರಾಮ್. ಸೆಟ್ಟಿಂಗ್ ಫೈಲನ್ನು ನೇರ ಹೋಮ್‌ನಲ್ಲೇ ಬಿಸಾಕುತ್ತದೆ, ಚುಕ್ಕೆ ಹಚ್ಚಿ. ಎಚ್ಚರಿಕೆಯ ಸಾಲುಗಳನ್ನು ತೋರಿಸೋದು ಕಡುಬಿಸಿಲಿನಂಥ ಹಳದಿಯಲ್ಲಿ, 24 ಬಿಟ್‌ನದೇ, ಬದಲಿಸಲು ದಾರಿಯೇ ಇಟ್ಟಿಲ್ಲ. ಆಗ ಅದು ನನಗೆ ಬಹಳ ಚಂದ ಕಂಡಿತ್ತು. ಎಂಟು ಹತ್ತು ಜನ ಈಗಲೂ ಬಳಸುತ್ತಾರೆ. ಅವರಲ್ಲಿ ಒಬ್ಬರು ಒಮ್ಮೆ ಬಣ್ಣ ಕಾಣಲ್ಲ ಅಂತ ಮೇಲ್ ಹಾಕಿದ್ದರು. ನಾನು ಕೊಟ್ಟ ಉತ್ತರ: "ಕಪ್ಪು ಹಿನ್ನೆಲೆ ಇಟ್ಟುಕೊಳ್ಳಿ." ಈ ಬರಹ ಓದುತ್ತಿದ್ದರೆ, ಕ್ಷಮಿಸಿಬಿಡ್ರಿ.

ಅದನ್ನು ಮಾತ್ರ ಅಲ್ಲೇ ಕೂತು ಸರಿ ಮಾಡಿದೆ. ಬಣ್ಣ 16ರೊಳಗಿನದು, ಫೈಲ್ ಡಾಟ್ ಕಾನ್ಫಿಗ್ ಒಳಗೆ. ನಲವತ್ತು ನಿಮಿಷದ ಕೆಲಸ, ಏಳು ವರ್ಷ ತಡ. ನಡುವೆ ಮನೆಯಾಕೆ ಮಜ್ಜಿಗೆ ತಂದಿಟ್ಟು, "ಬಣ್ಣ ಹಚ್ಚೋದು ಮುಗೀತೇನ್ರಿ?" ಅಂತ ಕೇಳಿ ಹೋದಳು.

ಐದಕ್ಕೆ ಕರೆಂಟ್ ಬಂತು. ಒಳಗೆ ಬಂದು ಫ್ಯಾನ್ ಹಾಕಿ, ಟರ್ಮಿನಲ್ ಮತ್ತೆ ಕಪ್ಪು ಮಾಡಿದೆ. ವಿಮ್ ತೆಗೆದರೆ ಕಾಮೆಂಟ್‌ಗಳೆಲ್ಲ ಕಪ್ಪಿನ ಮೇಲೆ ಕಡುನೀಲಿ. ಅದಕ್ಕೆ ಬಿಳಿ ಅಂತ ಮಧ್ಯಾಹ್ನ ಹೇಳಿದ್ದೆನಲ್ಲ, ಪಾಪ, ಇನ್ನೂ ನಂಬಿಕೊಂಡು ಕೂತಿದೆ. ಯಾವ ಫೈಲ್‌ನಲ್ಲಿ ಹೇಳಿದ್ದೆ ಅಂತ ಈಗ ಹುಡುಕಬೇಕು.