ಹಲ್ಲಿದ್ದ ಬಾತುಕೋಳಿ

ಬಾತುಕೋಳಿಗೆ ಹಲ್ಲಿರುವುದಿಲ್ಲ. ಅದರ ಕುತ್ತಿಗೆಗಂತೂ ಇರಲು ಸಾಧ್ಯವೇ ಇಲ್ಲ. ಆದರೆ 2023ರ ಜೂನ್‌ನಲ್ಲಿ ಚೀನಾದ ಜಿಯಾಂಗ್‌ಷಿ ಪ್ರಾಂತ್ಯದ ನಾನ್‌ಚಾಂಗ್ ನಗರದಲ್ಲಿ, ಸರಿಸುಮಾರು ಎರಡು ವಾರ, ಬಾತುಕೋಳಿಯ ಕುತ್ತಿಗೆಗೆ ಹಲ್ಲಿತ್ತು. ಅಧಿಕೃತವಾಗಿಯೇ ಇತ್ತು.

ಆಗಿದ್ದು ಇಷ್ಟು. ಜೂನ್ 1ರಂದು ಅಲ್ಲಿನ ವೃತ್ತಿಶಿಕ್ಷಣ ಕಾಲೇಜೊಂದರ ಕ್ಯಾಂಟೀನಿನಲ್ಲಿ ವಿದ್ಯಾರ್ಥಿಯೊಬ್ಬನ ಊಟದಲ್ಲಿ ಹಲ್ಲು ಕಿರಿಯುತ್ತಿದ್ದ ತುಂಡೊಂದು ಸಿಕ್ಕಿತು. ವಿಡಿಯೊ ದೇಶವೆಲ್ಲ ಸುತ್ತಿತು. ನೋಡಿದವರೆಲ್ಲ ಇಲಿಯ ತಲೆ ಎಂದರು. ಜೂನ್ 3ಕ್ಕೆ ಕಾಲೇಜು ಪ್ರಕಟಣೆ ಹೊರಡಿಸಿತು. ಅದು ಬಾತುಕೋಳಿಯ ಕುತ್ತಿಗೆಯಂತೆ. ಸ್ಥಳದಲ್ಲಿದ್ದ ಬೇರೆ ವಿದ್ಯಾರ್ಥಿಗಳನ್ನೂ ಕರೆದು ಹೋಲಿಸಿ ನೋಡಿದ್ದಾಯಿತಂತೆ. ಊಟ ಮಾಡುತ್ತಿದ್ದ ಹುಡುಗನೇ ಲಿಖಿತ ಸ್ಪಷ್ಟೀಕರಣ ಕೊಟ್ಟಿದ್ದಾನಂತೆ. ಆಮೇಲೆ ಆಹಾರ ತಪಾಸಣೆ ನೋಡಿಕೊಳ್ಳುವ ಸ್ಥಳೀಯ ಅಧಿಕಾರಿಯ ಸರದಿ. ಪದೇ ಪದೇ ಹೋಲಿಸಿ ನೋಡಿದ್ದೇವೆ, ಕುತ್ತಿಗೆಯೇ ಎಂದು ಅವರೂ ಮುದ್ರೆ ಒತ್ತಿದರು.

ಇದರಲ್ಲಿ ನನಗೆ ತುಂಬಾ ಇಷ್ಟವಾಗಿದ್ದು ಆ ಲಿಖಿತ ಸ್ಪಷ್ಟೀಕರಣ. ಇಲಿ ಸಿಕ್ಕಿದ್ದು ಹುಡುಗನ ತಟ್ಟೆಯಲ್ಲಿ. ಬರೆದುಕೊಡಬೇಕಾದವನೂ ಹುಡುಗನೇ. ಅಡುಗೆಯವರು ಏನೂ ಬರೆದುಕೊಡಬೇಕಾಗಿಲ್ಲ. ಅವರಿಗೆ ಅಡುಗೆ ಕೆಲಸವೇ ಜಾಸ್ತಿ ಅಲ್ವಾ?

ಚೀನಾದ ಜನರಿಗೆ ತಕ್ಷಣ ನೆನಪಾಗಿದ್ದು ಜಿಂಕೆ. ಅಲ್ಲಿ ಚೆಂಗ್ಯು ಎಂಬ ನುಡಿಗಟ್ಟುಗಳಿವೆ. ಹೆಚ್ಚಿನವು ನಾಲ್ಕೇ ಅಕ್ಷರದವು, ಒಂದೊಂದರ ಬೆನ್ನಿಗೂ ಒಂದು ಹಳೆಯ ಕತೆ. 'ಜಿ ಲು ವೇಯ್ ಮಾ' ಅಂಥದ್ದೊಂದು. ಜಿಂಕೆಯನ್ನು ತೋರಿಸಿ ಕುದುರೆ ಎನ್ನುವುದು. ಇತಿಹಾಸಕಾರ ಸಿಮಾ ಚಿಯೆನ್ ಬರೆದಿಟ್ಟ ಪ್ರಕಾರ ಇದು ಕ್ರಿ.ಪೂ. 207ರ ಸಂಗತಿ. ಚಿನ್ ವಂಶದ ಎರಡನೇ ಚಕ್ರವರ್ತಿ ಹೂಹಾಯ್ ಸಿಂಹಾಸನದಲ್ಲಿದ್ದ. ಅಧಿಕಾರವೆಲ್ಲ ಪ್ರಧಾನಿ ಝಾವೊ ಗಾವೊನ ಕೈಯಲ್ಲಿತ್ತು. ಅವನಿಗೆ ಆಸ್ಥಾನದಲ್ಲಿ ಯಾರು ತನ್ನವರು, ಯಾರು ಅಲ್ಲ ಎಂಬ ಲೆಕ್ಕ ಬೇಕಾಗಿತ್ತು. ಒಂದು ಜಿಂಕೆಯನ್ನು ತರಿಸಿ, ಪ್ರಭು, ಕುದುರೆ ತಂದಿದ್ದೇನೆ ಎಂದ.

ಚಕ್ರವರ್ತಿ ನಕ್ಕ. ಪ್ರಧಾನಿಗಳು ಎಡವಿದಿರಿ, ಇದು ಜಿಂಕೆಯಲ್ವಾ ಎಂದ. ಸುತ್ತಲಿದ್ದವರನ್ನು ಕೇಳಿದ. ಕೆಲವರು ಬಾಯಿ ಬಿಡಲಿಲ್ಲ. ಕೆಲವರು ಕುದುರೆಯೇ ಎಂದರು. ಕೆಲವರು ಜಿಂಕೆ ಎಂದೇಬಿಟ್ಟರು. ಹಾಗೆ ಅಂದವರ ಮೇಲೆ ಝಾವೊ ಗಾವೊ ಆಮೇಲೆ ಗುಟ್ಟಾಗಿ ಕೇಸು ಹಾಕಿಸಿದ. ಎಲ್ಲವೂ ಕಾನೂನು ಪ್ರಕಾರವೇ ನಡೆಯಿತು ಬಿಡಿ.

ಸಿಮಾ ಚಿಯೆನ್ ಇದೇ ಕತೆಯನ್ನು ಇನ್ನೊಂದು ಅಧ್ಯಾಯದಲ್ಲಿ ಸ್ವಲ್ಪ ಬೇರೆ ರೀತಿ ಹೇಳುತ್ತಾನೆ. ಅದು ಇನ್ನೂ ಚೆನ್ನಾಗಿದೆ. ಅಲ್ಲಿ ಎಲ್ಲರೂ ಒಂದೇ ದನಿಯಲ್ಲಿ ಕುದುರೆ ಎನ್ನುತ್ತಾರೆ. ಚಕ್ರವರ್ತಿಗೆ ಗಾಬರಿ. ತನ್ನ ತಲೆಯೇ ಕೆಟ್ಟಿದೆ ಎಂದುಕೊಂಡು ಆಸ್ಥಾನದ ಜ್ಯೋತಿಷಿಯನ್ನು ಕರೆಸುತ್ತಾನೆ. ಜ್ಯೋತಿಷಿ ಕವಡೆ ಹಾಕಿ ನೋಡಿದವನಂತೆ ಗಂಭೀರವಾಗಿ, ಪೂಜೆಗೆ ಮುಂಚೆ ಉಪವಾಸ ಸರಿಯಾಗಿ ಮಾಡಿಲ್ಲ, ಅದಕ್ಕೇ ಹೀಗಾಗಿದೆ ಎನ್ನುತ್ತಾನೆ. ಚಕ್ರವರ್ತಿ ವ್ರತ ಹಿಡಿಯಲು ರಾಜೋದ್ಯಾನಕ್ಕೆ ಹೊರಟೇಬಿಡುತ್ತಾನೆ. ಅಲ್ಲಿ ದಿನಾ ಬೇಟೆ ಆಡುತ್ತಾನೆ. ಜಿಂಕೆ ಬೇಟೆಯೋ ಕುದುರೆ ಬೇಟೆಯೋ, ಸಿಮಾ ಚಿಯೆನ್ ಹೇಳಿಲ್ಲ.

ಈ ನುಡಿಗಟ್ಟನ್ನು ಎಲ್ಲೆಂದರಲ್ಲಿ ಬಳಸುವ ಹಾಗಿಲ್ಲ. ಮಗುವೊಂದು ಕತ್ತೆಯನ್ನು ನೋಡಿ ಕುದುರೆ ಎಂದರೆ ಅದಕ್ಕೆ ಇದು ಸಲ್ಲದು. ಕಣ್ಣು ಮಂಜಾದ ಅಜ್ಜನಿಗೂ ಸಲ್ಲದು. ಹೇಳುವವನಿಗೆ ಅದು ಜಿಂಕೆ ಎಂದು ಗೊತ್ತಿರಬೇಕು, ಕೇಳುವವನಿಗೂ ಗೊತ್ತಿರಬೇಕು, ಕೇಳುವವನಿಗೆ ಗೊತ್ತಿದೆ ಎಂಬುದು ಹೇಳುವವನಿಗೂ ಗೊತ್ತಿರಬೇಕು. ನಮ್ಮಲ್ಲಿ ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ ಎಂಬ ಗಾದೆಯಿದೆ. ಅಲ್ಲಿ ಕೇಳುವವನು ಪೆದ್ದ, ಸುಮ್ನೆ ನಂಬುತ್ತಾನೆ. ಜಿಂಕೆಯ ಕತೆಯಲ್ಲಿ ಪೆದ್ದರೇ ಇಲ್ಲ. ಯಾರೂ ನಂಬಬೇಕಾಗಿಯೂ ಇಲ್ಲ. ಹಾಜರಿ ಕೂಗಿದಾಗ ಹೂಂ ಎಂದರೆ ಸಾಕು.

ನಾನ್‌ಚಾಂಗ್ ಈ ಎಲ್ಲ ಷರತ್ತುಗಳನ್ನೂ ಪೂರೈಸಿತ್ತು. ಹಾಗಾಗಿ ಚೀನಾದ ಜನ ಹಳೆಯ ನಾಲ್ಕಕ್ಷರದಲ್ಲಿ ಎರಡನ್ನು ತೆಗೆದು ಹೊಸದೆರಡನ್ನು ಕೂರಿಸಿದರು. 'ಜಿ ಷು ವೇಯ್ ಯಾ'. ಇಲಿಯನ್ನು ತೋರಿಸಿ ಬಾತುಕೋಳಿ ಎನ್ನುವುದು. 2200ಕ್ಕೂ ಹೆಚ್ಚು ವರ್ಷ ಹಳೆಯ ನುಡಿಗಟ್ಟಿಗೆ ಇಷ್ಟು ಅಗ್ಗದಲ್ಲಿ ಹೊಸ ಆವೃತ್ತಿ ಸಿಕ್ಕಿದ್ದು ಕಡಿಮೆ.

ನಗು ನಿಲ್ಲಲಿಲ್ಲ. ಜೂನ್ 10ಕ್ಕೆ ಪ್ರಾಂತ್ಯದ ಸರ್ಕಾರ ಜಂಟಿ ತನಿಖಾ ತಂಡ ಮಾಡಿತು. ಶಿಕ್ಷಣ ಇಲಾಖೆ, ಪೊಲೀಸ್ ಇಲಾಖೆ, ಸರ್ಕಾರಿ ಆಸ್ತಿ ನೋಡಿಕೊಳ್ಳುವ ಇಲಾಖೆ, ಮಾರುಕಟ್ಟೆ ಮೇಲ್ವಿಚಾರಣಾ ಇಲಾಖೆ, ಎಲ್ಲ ಸೇರಿ ಇಲಿಗೂ ಬಾತುಕೋಳಿಗೂ ಏನು ವ್ಯತ್ಯಾಸ ಎಂದು ಹುಡುಕಲು ಕುಳಿತವು. ಅಡುಗೆಮನೆಯ ಕ್ಯಾಮೆರಾ ದೃಶ್ಯ ತೆಗೆಸಿದರು. ಖರೀದಿ ಪಟ್ಟಿ ನೋಡಿದರು. ಹುಡುಗನ ಫೋಟೊ, ವಿಡಿಯೊಗಳನ್ನು ಪ್ರಾಣಿತಜ್ಞರಿಗೆ ತೋರಿಸಿದರು. ಫೋಟೊ ಯಾಕೆ ಎಂದರೆ, ಆ ತುಂಡನ್ನು ಕ್ಯಾಂಟೀನಿನವರು ಅದೇ ದಿನ ಎಸೆದುಬಿಟ್ಟಿದ್ದರು. ಎಸೆದ ವಸ್ತುವನ್ನು ಅಧಿಕಾರಿಗಳು ಪದೇ ಪದೇ ಯಾವುದರ ಜೊತೆ ಹೋಲಿಸಿದರು ಎಂದು ಕೇಳಬೇಡಿ. ಅಂಥ ಪ್ರಶ್ನೆ ಕೇಳಿದರೆ ಲಿಖಿತ ಸ್ಪಷ್ಟೀಕರಣ ಕೊಡಬೇಕಾದೀತು.

ಜೂನ್ 17ರಂದು ವರದಿ ಬಂತು. ಕುತ್ತಿಗೆ ಅಲ್ಲ, ಇಲಿ ಜಾತಿಯ ಪ್ರಾಣಿಯ ತಲೆ. ಕ್ಯಾಂಟೀನಿನ ಪರವಾನಗಿ ರದ್ದಾಯಿತು. ಕಾಲೇಜು ಮತ್ತು ಸ್ಥಳೀಯ ಕಚೇರಿ ಸರಿಯಾಗಿ ವಿಚಾರಿಸದೆ ತಪ್ಪು ತೀರ್ಮಾನ ಕೊಟ್ಟವು ಎಂದೂ ವರದಿ ಹೇಳಿತು. ಜೂನ್ 1ರಂದು ಊಟದ ತಟ್ಟೆ ಹಿಡಿದವರಿಗೆ ಕಂಡಿದ್ದು ಹೀಗೆ ನಾಲ್ಕು ಇಲಾಖೆಗಳ ಮೂಲಕ ಹಾದು ಕೊನೆಗೂ ಸತ್ಯವಾಯಿತು.

ಆಮೇಲೆ ಕುತ್ತಿಗೆ ಪಕ್ಷದವರೆಲ್ಲ ಗಪ್‌ಚಿಪ್. ಇಲ್ಲ, ನಮಗೆ ಈಗಲೂ ಅದು ಬಾತುಕೋಳಿಯ ಹಾಗೇ ಕಾಣುತ್ತಿದೆ ಎಂದು ಒಬ್ಬರಾದರೂ ಹಟ ಹಿಡಿಯಬೇಕಿತ್ತು. ಪದೇ ಪದೇ ಹೋಲಿಸಿ ನೋಡಿದವರಲ್ವಾ?